ಕೆರೆ ಬಳಕೆದಾರರ ಸಂಘಕ್ಕೆ ಮತ್ತೆ ಜೀವ ಕೊಡುವುದು ಹೇಗೆ? ಹೂಳು ಮೊದಲೋ, ಕಾಲುವೆ ಮೊದಲೋ?

ಮುಳಬಾಗಿಲು_ಪಂಚಾಯ್ತಿ:
ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ಕಡೆಯ ಒಂದು ಕೆರೆಯ ವಿಚಾರ. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, ಸುಮಾರು 30 ಹೆಕ್ಟೇರ್, ತುಂಬಿದಾಗ ನೀರಿನ ಹರವು 20 ಹೆಕ್ಟೇರ್. ಜಲಸಂವರ್ಧನೆ ಯೋಜನೆಯ ಕಾಲದಲ್ಲಿ ಆದ ಬಳಕೆದಾರರ ಸಂಘ ಈಗ ಕಾಗದದ ಮೇಲೆ ಮಾತ್ರ ಇದೆ. ಹೂಳೆತ್ತಲು ಜೆಸಿಬಿ ಕೊಡುತ್ತೇವೆ ಎಂದು ದಾನಿಗಳು ಬಂದಿದ್ದಾರೆ. ಯಾವುದರಿಂದ ಶುರು ಮಾಡಬೇಕು? ಅಧ್ಯಕ್ಷರು ಬದಲಾದ ಕೂಡಲೇ ಕೆಲಸ ನಿಲ್ಲದಂತೆ ಸಂಘವನ್ನು ಹೇಗೆ ಕಟ್ಟಬೇಕು?

ಏರಿ_ತೂಬು_ಕೋಡಿ:
ಜೆಸಿಬಿ ಕೊನೆಗೆ ಬರಲಿ. ಮೊದಲು ಮೇಲಿನ ಕೆರೆಯ ಕೋಡಿಯಿಂದ (ಹೆಚ್ಚಾದ ನೀರು ಹೊರಹೋಗುವ ಜಾಗ) ನಿಮ್ಮ ಕೆರೆಯವರೆಗೆ ನೀರು ತರುವ ರಾಜಕಾಲುವೆಯುದ್ದಕ್ಕೂ ಗ್ರಾಮ ನಕ್ಷೆ ಹಿಡಿದು ನಡೆಯಿರಿ. ಬಳ್ಳಾರಿ ಜಾಲಿ ಎಲ್ಲಿ ಕಟ್ಟಿಕೊಂಡಿದೆ, ಯಾವ ಹೊಲದವರು ಬದು ಒಳಗೆ ಸರಿಸಿದ್ದಾರೆ, ರಸ್ತೆ ಕೆಳಗಿನ ಮೋರಿ ಎಷ್ಟು ಕಿರಿದು, ಎಲ್ಲ ಬರೆದುಕೊಳ್ಳಿ. ಒತ್ತುವರಿ ಇದ್ದರೆ ತಹಶೀಲ್ದಾರರಿಗೆ ಅಳತೆಗೆ ಅರ್ಜಿ ಕೊಡಿ. ಊರವರೇ ಹೋಗಿ ಅಗೆದರೆ ಜಗಳವಾಗಿ ಕೆಲಸ ನಿಂತುಬಿಡುತ್ತದೆ. ಕಾಲುವೆ ತೆರವಿಗೆ ಕೂಲಿ ಕೆಲಸವೇ ಹೆಚ್ಚು, ಆದ್ದರಿಂದ ಉದ್ಯೋಗ ಖಾತರಿಗೆ ಸರಿಹೊಂದುತ್ತದೆ. ಮುಂಗಾರಿಗೆ ಮುಂಚೆ ಮುಗಿಸಿ. ನೀರೇ ಹರಿದು ಬಾರದ ಕೆರೆಯ ಹೂಳೆತ್ತಿದರೆ ಉಳಿಯುವುದು ಒಣಗುಂಡಿ.

ಹೂಳಿನ ಲೆಕ್ಕ ಹೀಗೆ. ಒಂದು ಎಕರೆಗೆ ಒಂದು ಅಂಗುಲ ದಪ್ಪ ಹರಡಲು ಸುಮಾರು 100 ಘನ ಮೀಟರ್ ಬೇಕು, ಅಂದರೆ ಟ್ರ್ಯಾಕ್ಟರಿನಲ್ಲಿ ಸುಮಾರು 35 ಲೋಡು. ರೈತರಿಂದ ಮೊದಲೇ ಹೆಸರು, ಸರ್ವೆ ನಂಬರ್, ಬೇಕಾದ ಲೋಡು ಬರೆಸಿಕೊಳ್ಳಿ. ತೆಗೆದ ಮಣ್ಣು ಹೋಗಲು ಜಾಗವಿಲ್ಲದಿದ್ದರೆ ಅದನ್ನು ಕೆರೆಯಂಗಳದಲ್ಲೇ ದಿಬ್ಬ ಹಾಕಿ ಹೋಗುತ್ತಾರೆ, ಎರಡು ಮಳೆಗೆ ಎಲ್ಲ ವಾಪಸು ಒಳಗೇ. ಮೇಲೆ ಬಿಳಿ ಉಪ್ಪು ಕಾಣುವ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ಏರಿಯ (ಕೆರೆಕಟ್ಟೆಯ) ಬುಡದಿಂದ 15–20 ಮೀಟರ್ ಒಳಗೆ ಜೆಸಿಬಿ ಬಕೆಟ್ ಇಳಿಸಲು ಬಿಡಬೇಡಿ. ಬುಡ ಸಡಿಲವಾದರೆ ತುಂಬಿದ ವರ್ಷವೇ ಏರಿ ಕುಸಿಯುತ್ತದೆ. ಕಪ್ಪು ಮಣ್ಣು ಮುಗಿದು ಮೊರಂ (ಗರಸು ಮಣ್ಣು) ಕಂಡ ಕಡೆ ನಿಲ್ಲಿಸಿ, ಇಲ್ಲವಾದರೆ ನೀರು ಇಂಗಿ ಹೋಗಿ ತೂಬಿಗೆ, ಅಂದರೆ ಹೊಲಕ್ಕೆ ನೀರು ಬಿಡುವ ಬಾಗಿಲಿಗೆ, ಸಿಗುವುದಿಲ್ಲ. ಏರಿ ಮೇಲಿನ ದೊಡ್ಡ ಮರಗಳನ್ನು ಕಡಿದು ಬೇರು ಬಿಟ್ಟರೆ, ಬೇರು ಕೊಳೆತ ದಾರಿಯಲ್ಲೇ ನೀರು ಸೋರಲು ಶುರುವಾಗುತ್ತದೆ. ಬೇರು ತೆಗೆದು ಜೇಡಿ ಮಣ್ಣು ತುಂಬಿ ದಮ್ಮಸು ಮಾಡಿಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಮೂಟೆ ಇಡುವುದು, ಕಾಂಕ್ರೀಟ್ ಏರಿಸುವುದು ಬೇಡವೇ ಬೇಡ. ಕೋಡಿಗೂ ಏರಿಯ ತಲೆಗೂ ನಡುವೆ ಇರುವ ಅಂತರವೇ ಊರಿನ ರಕ್ಷಣೆ. ಒಂದು ಏರಿ ಒಡೆದರೆ ಕೆಳಗಿನ ಸರಪಳಿ ಕೆರೆಗಳಿಗೂ ಅಪಾಯ.

ನೀರಗಂಟಿ_ಲೆಕ್ಕ:
ಕಾಲುವೆ ಮೊದಲು ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಸಂಘದ ವಿಚಾರ ಹೇಳುತ್ತೇನೆ.

ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾಗಿದ್ದರೆ ಲೆಕ್ಕಪತ್ರ ಮತ್ತು ಸಮಿತಿಯ ಪಟ್ಟಿಯನ್ನು ಪ್ರತಿ ವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿರಬೇಕು. ಎಲ್ಲಿಂದ ಬಾಕಿ ಇದೆ ಎಂದು ವಿಚಾರಿಸಿ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿರುವುದರಿಂದ ಕೆರೆ ಸಣ್ಣ ನೀರಾವರಿ ಇಲಾಖೆಯದಲ್ಲ, ಪಂಚಾಯತ್ ರಾಜ್ ಕಡೆಯದು. ಅನುಮತಿಗೆ ಅಲ್ಲಿಗೇ ಹೋಗಿ.

ನಾಯಕತ್ವ ಎಂದರೆ ಎಲ್ಲರೂ ಅಧ್ಯಕ್ಷರನ್ನು ನೋಡುತ್ತಾರೆ. ಕೆರೆ ಉಳಿಯುವುದು ತೂಬು ನೋಡಿಕೊಂಡು ಹೊಲಗಳಿಗೆ ನೀರು ಹಂಚುವ ನೀರಗಂಟಿಯಿಂದ. ಹಿಂದೆ ಸುಗ್ಗಿಯಲ್ಲಿ ಕಾಳು ಕೊಟ್ಟು ನಡೆಸುತ್ತಿದ್ದ ಆ ಕೆಲಸವನ್ನು ನಮ್ಮ ಕಡೆ ಬಹಳ ಊರುಗಳಲ್ಲಿ ದಲಿತ ಕುಟುಂಬಗಳೇ ಮಾಡಿಕೊಂಡು ಬಂದವು. ಕಾಳು ನಿಂತಿತು, ಕೆಲಸವೂ ನಿಂತಿತು. ಈಗ ಬಿಟ್ಟಿ ಕೇಳಬಾರದು. ತಿಂಗಳ ಸಂಬಳ ನಿಗದಿ ಮಾಡಿ ಬ್ಯಾಂಕ್ ಖಾತೆಗೆ ಹಾಕಿ, ಸಮಿತಿಯಲ್ಲಿ ಮತದ ಹಕ್ಕೂ ಕೊಡಿ. ಕುಡಿಯುವ ನೀರಿನ ವಾಟರ್‌ಮನ್‌ಗೆ ಇದನ್ನೂ ಹೊರಿಸಿದರೆ ಎರಡೂ ಕೆಡುತ್ತವೆ.

ತೂಬಿನ ಬಳಿ ಅಳತೆಗಂಬ ನೆಟ್ಟು, ಮಳೆಗಾಲ ಮುಗಿದ ಮೇಲೆ ಊರ ಮುಂದೆ ನೀರು ಲೆಕ್ಕ ಹಾಕಿ ಬೆಳೆ ತೀರ್ಮಾನಿಸಿ. ಹೆಕ್ಟೇರ್ ಭತ್ತಕ್ಕೆ ಸುಮಾರು 12,000 ಘನ ಮೀಟರ್, ರಾಗಿಗೆ 4,000. ನಿಮ್ಮ 30 ಹೆಕ್ಟೇರ್‌ಗೆ ಭತ್ತವಾದರೆ 3.6 ಲಕ್ಷ, ರಾಗಿಯಾದರೆ 1.2 ಲಕ್ಷ. ಸರಾಸರಿ ಒಂದೂವರೆ ಮೀಟರ್ ಆಳವಿದ್ದರೆ ತುಂಬಿದ ಕೆರೆಯಲ್ಲಿ ಇರುವುದೇ 3 ಲಕ್ಷ. ಅದರಲ್ಲೂ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 20 ಹೆಕ್ಟೇರ್ ಹರವಿನಿಂದ 1,000 ಘನ ಮೀಟರ್ ಹೋಗುತ್ತದೆ. ಈ ಅಂಕಿಗಳನ್ನು ಪಂಚಾಯಿತಿ ಗೋಡೆ ಮೇಲೆ ಬರೆಸಿದರೆ ಯಾರು ಅಧ್ಯಕ್ಷರಾದರೂ ಮಾತು ತಿರುಗಿಸಲಾಗದು.

ಮುಳಬಾಗಿಲು_ಪಂಚಾಯ್ತಿ:
ಇಬ್ಬರಿಗೂ ಧನ್ಯವಾದ. ಸಂಬಳಕ್ಕೆ ಹಣ? ಬೋರ್‌ವೆಲ್ ಇರುವವರು ತೂಬಿನ ನೀರು ಬೇಡ, ವಂತಿಗೆಯೂ ಇಲ್ಲ ಅನ್ನುತ್ತಾರೆ.

ನೀರಗಂಟಿ_ಲೆಕ್ಕ:
ಅವರ ಬೋರ್ ಮರುಪೂರಣವಾಗುವುದು ಇದೇ ಕೆರೆಯಿಂದ, ಹಾಗಾಗಿ ಎಕರೆ ಲೆಕ್ಕದ ವಂತಿಗೆ ಅವರಿಗೂ ಅನ್ವಯಿಸಲಿ. ನಂಬಿಕೆ ಬರಲು ಕೆರೆ ಕೆಳಗಿನ ನಾಲ್ಕೈದು ಬೋರ್‌ಗಳ ನೀರಿನ ಮಟ್ಟ ತಿಂಗಳಿಗೊಮ್ಮೆ ಅಳೆದು ಎಲ್ಲರಿಗೂ ಕಾಣುವಂತೆ ಹಾಕಿ. ಹಣಕ್ಕೆ ಹೂಳಿನ ಲೋಡಿಗೆ ಸಣ್ಣ ಶುಲ್ಕ, ಕೆರೆಯಂಗಳದ ಹುಲ್ಲಿನ ಹರಾಜು ಕೂಡ ಇದೆ. ಆದರೆ ಜಮೀನಿಲ್ಲದವರ ದನಕ್ಕೆ ಒಂದು ಭಾಗ ಹುಲ್ಲು ಹರಾಜಿಲ್ಲದೆ ಬಿಡಿ.

ಏರಿ_ತೂಬು_ಕೋಡಿ:
ಮೀನು ಗುತ್ತಿಗೆಯ ಹಕ್ಕು ಪಂಚಾಯಿತಿಯದೋ ಮೀನುಗಾರಿಕೆ ಇಲಾಖೆಯದೋ ಎಂದು ಮೊದಲು ಕೇಳಿಕೊಳ್ಳಿ. ಕರಾರಿನಲ್ಲಿ ಎರಡು ಸಾಲು ಇರಲೇಬೇಕು: ಮೀನು ಹಿಡಿಯಲು ತೂಬು ತೆಗೆಯುವಂತಿಲ್ಲ, ಅಳತೆಗಂಬದ ಇಂತಿಷ್ಟು ಗುರುತಿಗಿಂತ ಕೆಳಗೆ ನೀರು ಖಾಲಿ ಮಾಡುವಂತಿಲ್ಲ. ತೂಬಿನ ಬೀಗದ ಕೈ ಗುತ್ತಿಗೆದಾರರ ಬಳಿ ಅಲ್ಲ, ನೀರಗಂಟಿಯ ಬಳಿ ಇರಲಿ.