ಸಹಾಯ ಬೇಕು: ಪ್ರಯೋಗಾಲಯವಿಲ್ಲದ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಯೋಗ

ಎಲ್ಲರಿಗೂ ನಮಸ್ಕಾರ. ನಾನು ಸಣ್ಣ ಕಾಲೇಜೊಂದರಲ್ಲಿ ಮನೋವಿಜ್ಞಾನದ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಇಬ್ಬರೇ ಅಧ್ಯಾಪಕರಿದ್ದು, ಪ್ರಯೋಗಾಲಯವಿಲ್ಲ; ಆದರೆ ತರಗತಿಯಲ್ಲಿ ಹನ್ನೊಂದೇ ಮಂದಿ ಇರುವುದರಿಂದ ಅವರು ಪ್ರತಿಯೊಬ್ಬರ ಪ್ರಶ್ನೆಗೂ ಸಮಯ ಕೊಡುತ್ತಾರೆ, ಅದನ್ನು ನಾನು ಭಾಗ್ಯವೆಂದೇ ಭಾವಿಸಿದ್ದೇನೆ.

ಬಣ್ಣದ ಹೆಸರೊಂದನ್ನು ಬೇರೆ ಬಣ್ಣದ ಶಾಯಿಯಲ್ಲಿ ಮುದ್ರಿಸಿದಾಗ ಆ ಶಾಯಿಯ ಬಣ್ಣವನ್ನು ಹೇಳಲು ಹೆಚ್ಚು ಸಮಯ ಹಿಡಿಯುತ್ತದೆ ಎಂದು 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ತೋರಿಸಿದ ಪ್ರಯೋಗವನ್ನು, ಮುದ್ರಿತ ಹಾಳೆ ಮತ್ತು ಸ್ಟಾಪ್‌ವಾಚ್ ಇದ್ದರೆ ಸಾಕೆಂಬ ಕಾರಣಕ್ಕೆ, ನನ್ನ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ. ಮಾತೃಭಾಷೆಯ ಪದಗಳು ಎರಡನೆಯ ಭಾಷೆಯ ಪದಗಳಿಗಿಂತ ಹೆಚ್ಚು ಅಡ್ಡಿಪಡಿಸುತ್ತವೆಯೇ ಎಂಬುದು ನನ್ನ ಪ್ರಶ್ನೆ.

ಒಬ್ಬರೇ ಎರಡೂ ಭಾಷೆಗಳ ಹಾಳೆಗಳನ್ನು ಓದುವುದರಿಂದ ಎರಡನೆಯದರಲ್ಲಿ ಅಭ್ಯಾಸದ ಲಾಭವೋ ದಣಿವೋ ಸೇರಿಕೊಳ್ಳುತ್ತದೆ; ಅರ್ಧದಷ್ಟು ಜನರಿಗೆ ಹಾಳೆಗಳ ಕ್ರಮವನ್ನು ಅದಲುಬದಲು ಮಾಡಿದರೆ ಸಾಕೇ? ಇಪ್ಪತ್ತು ಮಂದಿಯಷ್ಟೇ ಸಿಕ್ಕರೆ ಜೋಡಿ ಟಿ-ಪರೀಕ್ಷೆ (ಒಬ್ಬೊಬ್ಬರ ಎರಡು ಅಳತೆಗಳ ನಡುವಿನ ಸರಾಸರಿ ವ್ಯತ್ಯಾಸವನ್ನು ನೋಡುವ ಸಂಖ್ಯಾಶಾಸ್ತ್ರೀಯ ಪರೀಕ್ಷೆ) ಸರಿಯೇ, ಇಲ್ಲವೇ ಆ ವ್ಯತ್ಯಾಸಗಳ ಶ್ರೇಣಿಗಳನ್ನು ಆಧರಿಸಿದ ವಿಲ್ಕಾಕ್ಸನ್ ಪರೀಕ್ಷೆಯೇ ಸುರಕ್ಷಿತವೇ? ಸಂಖ್ಯಾಶಾಸ್ತ್ರದಲ್ಲಿ ನಾನು ಹಿಂದಿದ್ದೇನೆ, ಆದ್ದರಿಂದ ಕಾರಣಸಹಿತ ವಿವರಿಸಿದರೆ ಬಹಳ ಉಪಕಾರವಾಗುತ್ತದೆ. ಭಾಗವಹಿಸುವವರಿಗೆ ಕೊಡುವ ಒಪ್ಪಿಗೆ ಪತ್ರದ ಮಾದರಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.