ಅಲಾಸ್ಕಾ ಕ್ರೂಸ್: ಜೋಡಿಯಾಗಿ ಹೋಗಿ ಬಂದವರು ಹೇಳಿದ್ದು

ಹಾಸನದಿಂದ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಮಗ, ಸೊಸೆ ಸಿಯಾಟಲ್‌ನಲ್ಲಿದ್ದಾರೆ. ಬರುವ ಜೂನ್ ಹೊತ್ತಿಗೆ ನಾನು, ನಮ್ಮ ಯಜಮಾನರು ಅಲ್ಲಿಗೆ ಹೋಗುತ್ತಿದ್ದೇವೆ. ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆ, ನಿಮ್ಮಿಬ್ಬರನ್ನೇ ಅಲಾಸ್ಕಾ ಕ್ರೂಸ್‌ಗೆ ಕಳಿಸುತ್ತೇನೆ ಅಂತ ಮಗ ಹಟ ಹಿಡಿದಿದ್ದಾನೆ. ನಾವು ಹಡಗು ಹತ್ತಿದವರೇ ಅಲ್ಲ. ಯಜಮಾನರಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಚಳಿ ತಡೆಯುತ್ತದಾ? ಊಟಕ್ಕೇನು? ತಲೆಸುತ್ತು, ವಾಂತಿ ಆಗುತ್ತದಾ? ಅಷ್ಟು ದುಡ್ಡು ಹಾಕುವಂಥದ್ದು ಅಲ್ಲೇನಿದೆ? ಗಂಡ ಹೆಂಡತಿ ಇಬ್ಬರೇ ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಂಗಳೂರಿನ ಬನಶಂಕರಿಯಿಂದ:

ಮೇಡಂ, ಧೈರ್ಯವಾಗಿ ಹೋಗಿ ಬನ್ನಿ. ನಾನು, ನನ್ನ ಹೆಂಡತಿ ನಿವೃತ್ತಿಯಾದ ಮೇಲೆ ಹೋಗಿದ್ದೆವು. ನೀವು ಕೇಳದೇ ಇರುವ ಒಂದು ವಿಷಯವನ್ನೇ ಮೊದಲು ಹೇಳುತ್ತೇನೆ. ಕೆನಡಾ ವೀಸಾ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ವಾಪಸ್ ಬರುವ ಹಡಗಾದರೂ ಅದು ಬೇಕು. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿಸಿ ಜನರನ್ನು ಇಳಿಸುವ ಹಾಗಿಲ್ಲ, ನಡುವೆ ಒಂದು ಹೊರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚಾಗಿ ಬಹಾಮಾಸ್, ಬರ್ಮುಡಾ, ಪನಾಮಾದಂಥ ಕಡೆ ನೋಂದಣಿಯಾದವು. ಅದಕ್ಕೇ ಅವು ಕೆನಡಾದ ವಿಕ್ಟೋರಿಯಾದಲ್ಲಿ, ಸಾಮಾನ್ಯವಾಗಿ ಪ್ರವಾಸದ ಕೊನೆಯ ಸಂಜೆ, ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವಿಸಿಟರ್ ವೀಸಾ ಇದೆಯಾ ಅಂತ ಹಡಗು ಹತ್ತುವ ಮೊದಲೇ ನೋಡುತ್ತಾರೆ. ಈ ವೀಸಾ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಈಗಲೇ ಅರ್ಜಿ ಹಾಕಿ. ಅಮೆರಿಕದ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಇದೆಯಾ ಅನ್ನುವುದನ್ನೂ ನೋಡಿಕೊಳ್ಳಿ, ಯಾಕೆಂದರೆ ನೀವು ಕೆನಡಾ ಮುಟ್ಟಿ ಮತ್ತೆ ಒಳಗೆ ಬರುತ್ತೀರಿ.

ಈಗ ದುಡ್ಡಿನ ಪ್ರಶ್ನೆ. ಮಗ ಹಡಗು ಆರಿಸುವಾಗ ಈಜುಕೊಳ ಎಷ್ಟಿದೆ, ಯಾವ ಶೋ ಇದೆ ಅಂತ ನೋಡುತ್ತಾನೆ. ಅದನ್ನು ಬಿಡಿಸಿ. ಆ ಹಡಗು ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿಯ ಒಳಗೆ ಹೋಗುತ್ತದಾ ಅಂತ ಮಾತ್ರ ಕೇಳಿ. ಅದು ನ್ಯಾಷನಲ್ ಪಾರ್ಕ್, ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಅನುಮತಿ. ಎಲ್ಲ ಕಂಪನಿಗಳ ಹಡಗುಗಳೂ ಹೋಗುವುದಿಲ್ಲ. ಕೆಲವು ಹಬ್ಬರ್ಡ್ ಗ್ಲೇಸಿಯರ್ ಕಡೆ ಹೋಗುತ್ತವೆ, ಅದೂ ದೊಡ್ಡದೇ, ಚೆನ್ನಾಗಿದೆ ಅಂತ ಹೋದವರು ಹೇಳುತ್ತಾರೆ. ಹಿಮನದಿಯ ದಿನವೇ ಇಲ್ಲದ ಹಡಗು ಮಾತ್ರ ಬೇಡ. ನಿಮ್ಮ ದುಡ್ಡು ಇರುವುದು ಆ ಒಂದು ದಿನದಲ್ಲಿ.

ಅವತ್ತು ಬೆಳಗ್ಗೆ ಪಾರ್ಕಿನ ರೇಂಜರ್‌ಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ. ದಿನವಿಡೀ ಮೈಕಿನಲ್ಲಿ ವಿವರಿಸುತ್ತಾರೆ. ನಮಗೆ ತಲೆಗೆ ಹತ್ತಿದ್ದು ಒಂದು ಲೆಕ್ಕ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೋವರ್ ತಂಡದವರು ಆ ಕಡೆ ಬಂದಾಗ ಒಳಗೆ ಕೊಲ್ಲಿಯೇ ಇರಲಿಲ್ಲ ಅನ್ನಬೇಕು, ಬಾಯಿಯ ಹತ್ತಿರದವರೆಗೂ ಬರೀ ಮಂಜುಗಡ್ಡೆ. 1879ರಲ್ಲಿ ಜಾನ್ ಮ್ಯೂರ್ ಅನ್ನುವ ನಿಸರ್ಗತಜ್ಞ ಬರುವ ಹೊತ್ತಿಗೆ ಅದು ಮೂವತ್ತು ಮೈಲಿಗಿಂತ ಜಾಸ್ತಿ ಹಿಂದೆ ಸರಿದಿತ್ತು. ಇವತ್ತು ಒಳತುದಿ ಮುಟ್ಟಲು ಅರವತ್ತು ಮೈಲಿ ಮೀರಿ ಹೋಗಬೇಕು. ಅಲ್ಲಿನ ಮೂಲನಿವಾಸಿಗಳಾದ ಹುನಾ ಟ್ಲಿಂಗಿಟ್ ಜನರ ಊರುಗಳು ಮೊದಲು ಅಲ್ಲೇ ಇದ್ದವು. ಹಿಮನದಿ ಮುಂದೆ ನುಗ್ಗಿ ಬಂದು ಅವರನ್ನು ಹೊರಗೆ ಕಳಿಸಿತು. ಹಡಗಿನ ಎರಡೂ ಬದಿಯ ಕಾಡು ನೋಡುತ್ತಾ ಹೋಗಿ. ಬಾಯಿಯ ಹತ್ತಿರ ದಟ್ಟವಾದ ದೊಡ್ಡ ಮರಗಳು. ಒಳಗೆ ಹೋದಂತೆ ಗಿಡ ಕುಳ್ಳಗಾಗುತ್ತವೆ, ಆಮೇಲೆ ಪೊದೆ, ಕೊನೆಗೆ ಬೋಳು ಬಂಡೆ. ಮಂಜು ಬಿಟ್ಟುಕೊಟ್ಟ ನೆಲಕ್ಕೆ ಎಷ್ಟು ವಯಸ್ಸು ಅಂತ ಮರ ನೋಡಿಯೇ ಹೇಳಬಹುದು.

ಒಳತುದಿಯಲ್ಲಿ ಮಾರ್ಜೆರಿ ಗ್ಲೇಸಿಯರ್ ಇದೆ. ಸುಮಾರು ಒಂದು ಮೈಲಿ ಅಗಲ. ಹಡಗು ಅದರ ಮುಂದೆ ನಿಂತು ನಿಧಾನವಾಗಿ ಸುತ್ತು ತಿರುಗುತ್ತದೆ, ಎರಡೂ ಬದಿಯವರಿಗೆ ಕಾಣಲಿ ಅಂತ. ನಾವಿಬ್ಬರೂ ಮೇಲಿನ ಡೆಕ್ಕಿನಲ್ಲಿ ಕಂಬಿ ಹಿಡಿದು ನಿಂತಿದ್ದೆವು. ಮಂಜುಗಡ್ಡೆ ಬಿಳಿ ಅಲ್ಲ ಮೇಡಂ, ಬಿರುಕಿನ ಒಳಗೆಲ್ಲ ಗಾಢ ನೀಲಿ. ನೂರಾರು ವರ್ಷದ ಒತ್ತಡಕ್ಕೆ ಒಳಗಿನ ಗಾಳಿಗುಳ್ಳೆಗಳು ಹೊರಟುಹೋಗಿ, ಗಟ್ಟಿಯಾದ ಮಂಜು ಕೆಂಪು ಬೆಳಕನ್ನು ನುಂಗಿ ನೀಲಿಯನ್ನು ಬಿಟ್ಟುಕೊಡುತ್ತದಂತೆ. ಒಂದು ಕಡೆ ಪುಡಿ ಉದುರಿದಂತೆ ಕಂಡಿತು. ಅದರ ಹಿಂದೆ ಒಂದು ದೊಡ್ಡ ಚಕ್ಕೆ ಜಾರಿ ನೀರಿಗೆ ಬಿತ್ತು. ಬೀಳುವುದು ಕಣ್ಣಿಗೆ ಕಂಡು, ನೀರು ಎದ್ದು, ಆಮೇಲೆ ಸದ್ದು ಬಂತು, ಗುಡುಗಿನ ಹಾಗೆ. ನಾವು ದೂರ ಇದ್ದದ್ದರಿಂದ ಹಾಗೆ. ನನ್ನ ಹೆಂಡತಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಒಳಗೆ ಬನ್ನಿ ಅಂದರೂ ಬರಲಿಲ್ಲ. ತೇಲುವ ಮಂಜಿನ ಮೇಲೆ ಸೀಲ್‌ಗಳು ಮಲಗಿರುತ್ತವೆ. ಬೈನಾಕ್ಯುಲರ್ ಇಬ್ಬರಿಗೂ ಒಂದೊಂದು ಇರಲಿ, ಒಂದೇ ಇದ್ದರೆ ಅವರು ನೋಡುವಾಗ ನಿಮಗೆ ತಪ್ಪುತ್ತದೆ.

ಚಳಿ ಬಗ್ಗೆ: ಜೂನ್‌ನಲ್ಲಿ ಊರುಗಳಲ್ಲಿ ಸುಮಾರು ಹತ್ತರಿಂದ ಹದಿನೆಂಟು ಡಿಗ್ರಿ. ಹಿಮನದಿಯ ಎದುರು ಗಾಳಿಗೆ ತುಂಬಾ ಕಮ್ಮಿ ಅನ್ನಿಸುತ್ತದೆ. ಒಂದೇ ದಪ್ಪ ಕೋಟು ಬೇಡ. ಒಳಗೆ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಮಳೆ ಗಾಳಿ ತಡೆಯುವ ಜಾಕೆಟ್. ಕಿವಿಗೆ ಟೋಪಿ, ಕೈಗೆ ಗ್ಲೌಸ್. ಕೆಚಿಕಾನ್ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಛತ್ರಿ ಗಾಳಿಗೆ ತಿರುಚಿಕೊಳ್ಳುತ್ತದೆ, ರೇನ್‌ಕೋಟೇ ಒಳ್ಳೆಯದು. ಅಲ್ಲಿ ಮೂಲನಿವಾಸಿಗಳು ಕೆತ್ತಿದ ಮರದ ಟೋಟೆಮ್ ಕಂಬಗಳನ್ನು ನೋಡಿ, ಸಾಕು.

ವ್ಯಾಂಕೋವರ್‌ನಿಂದ, ಮೂಲ ಮಂಗಳೂರು:

ಮೇಲಿನ ಸರ್ ಹೇಳಿದ ವೀಸಾ ಮಾತು ನೂರಕ್ಕೆ ನೂರು ಸರಿ. ನಾನು ತಲೆಸುತ್ತಿನ ಬಗ್ಗೆ ಹೇಳುತ್ತೇನೆ, ನನ್ನ ಗಂಡನಿಗೆ ಬಸ್ಸಿನಲ್ಲೂ ಆಗುವುದಿಲ್ಲ.

ದಾರಿ ನೋಡಿ ಬುಕ್ ಮಾಡಿ ಅಕ್ಕ. ಸಿಯಾಟಲ್ ಹಡಗುಗಳು ಸಾಮಾನ್ಯವಾಗಿ ವ್ಯಾಂಕೋವರ್ ದ್ವೀಪದ ಹೊರಗಡೆಯಿಂದ, ಅಂದರೆ ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಅಲ್ಲಿ ತೂಗಾಟ ಇರುತ್ತದೆ. ವ್ಯಾಂಕೋವರ್‌ನಿಂದ ಹೊರಡುವ ಹಡಗುಗಳು ದ್ವೀಪಕ್ಕೂ ನೆಲಕ್ಕೂ ನಡುವಿನ ಕಿರಿದಾದ ನೀರಿನಲ್ಲಿ ಹೋಗುತ್ತವೆ. ಎರಡೂ ಕಡೆ ಬೆಟ್ಟ, ನೀರು ಹೆಚ್ಚಾಗಿ ಶಾಂತ. ಕ್ವೀನ್ ಶಾರ್ಲಟ್ ಸೌಂಡ್ ಅನ್ನುವಲ್ಲಿ ಮಾತ್ರ ಸ್ವಲ್ಪ ಹೊತ್ತು ತೆರೆದ ಸಮುದ್ರ. ಸಿಯಾಟಲ್‌ನಿಂದ ಇಲ್ಲಿಗೆ ಕಾರಲ್ಲಿ ಮೂರು ಗಂಟೆ ಚಿಲ್ಲರೆ, ಗಡಿಯಲ್ಲಿ ಸಾಲು ಇದ್ದರೆ ಇನ್ನೂ ಜಾಸ್ತಿ. ಹೇಗೂ ಕೆನಡಾ ವೀಸಾ ಮಾಡಿಸುತ್ತೀರಲ್ವಾ, ಇದನ್ನೂ ಮಗನಿಗೆ ಹೇಳಿ ನೋಡಿ.

ರೂಮು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇರಲಿ. ಮುಂದೆ, ಹಿಂದೆ, ತುಂಬಾ ಮೇಲೆ ಇದ್ದಷ್ಟೂ ಅಲುಗಾಟ ಜಾಸ್ತಿ. ಊರಿನಿಂದಲೇ ಡಾಕ್ಟರನ್ನು ಕೇಳಿ ಅವೋಮಿನ್ ಅಥವಾ ಸ್ಟುಜೆರಾನ್ ತನ್ನಿ. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಮ್ಮಿ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಯಜಮಾನರಿಗೆ ಬಿಪಿ, ಶುಗರ್ ಮಾತ್ರೆ ಇದ್ದರೆ ಅದರ ಜೊತೆ ಹೊಂದುತ್ತದಾ ಅಂತಲೂ ಕೇಳಿ. ಇನ್ನೊಂದು: ದೊಡ್ಡ ಸೂಟ್‌ಕೇಸ್ ಬಂದರಿನಲ್ಲೇ ತೆಗೆದುಕೊಂಡುಬಿಡುತ್ತಾರೆ, ಅದು ರೂಮಿಗೆ ಬರುವಾಗ ಸಂಜೆಯೂ ಆಗಬಹುದು. ಮಾತ್ರೆ, ಪಾಸ್‌ಪೋರ್ಟ್, ಸ್ವೆಟರ್ ಕೈಚೀಲದಲ್ಲಿರಲಿ.

ಇನ್ಶೂರೆನ್ಸ್ ಬಿಡಬೇಡಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ಲು ಡಾಲರಿನಲ್ಲಿ. ಜೀವಕ್ಕೆ ತೊಂದರೆ ಅಂತಾದರೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗುತ್ತದೆ. ಮೊದಲೇ ಇರುವ ಕಾಯಿಲೆಗೂ, ಹಾಗೆ ಸಾಗಿಸುವುದಕ್ಕೂ ಒಪ್ಪುವ ಪಾಲಿಸಿ ತೆಗೆದುಕೊಳ್ಳಿ.

ಧಾರವಾಡದಿಂದ:

ಅಕ್ಕಾರ, ಊಟದ ಮಾತು ನನಗೆ ಬಿಡಿ. ನಾವೂ ಮೊಟ್ಟೆ ಮುಟ್ಟುವವರಲ್ಲ.

ಬುಕ್ ಮಾಡುವಾಗಲೇ ಇಂಡಿಯನ್ ವೆಜಿಟೇರಿಯನ್ ಅಂತ ಬರೆಸಿ. ಅಷ್ಟಕ್ಕೇ ಬಿಡಬೇಡಿ. ಮೊದಲನೇ ರಾತ್ರಿ ದೊಡ್ಡ ಊಟದ ಹಾಲ್‌ಗೆ ಹೋಗಿ ಹೆಡ್ ವೇಟರ್ ಅವರನ್ನು ಕರೆದು ಬಾಯಿಬಿಟ್ಟು ಹೇಳಿ: ಮೀನು ಇಲ್ಲ, ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಕೋಳಿ ನೀರಿನಲ್ಲಿ ಮಾಡಿದ ಸೂಪ್ ಬೇಡ. ಕೇಕು, ಪುಡಿಂಗ್‌ನಲ್ಲೆಲ್ಲ ಮೊಟ್ಟೆ ಇರುತ್ತದೆ, ಹಣ್ಣು ತಿನ್ನಿ. ಹಿಂದಿನ ರಾತ್ರಿಯೇ ಹೇಳಿಟ್ಟರೆ ಮರುದಿನ ದಾಲ್, ಪಲ್ಯ, ಅನ್ನ ನಮಗಂತಲೇ ಮಾಡಿ ತಂದಿಟ್ಟರು. ಹಡಗುಗಳಲ್ಲಿ ಗೋವಾ, ಮಂಗಳೂರು, ಕೇರಳ ಕಡೆಯ ಹುಡುಗರು ಬಹಳ ಇರುತ್ತಾರೆ. ನಮಗೆ ಬಡಿಸುತ್ತಿದ್ದ ಹುಡುಗ ಉಡುಪಿ ಕಡೆಯವನು. ನಮ್ಮ ಕನ್ನಡ ಕೇಳಿ ಅವನ ಮುಖ ಅರಳಿತು. ಮನೆಗೆ ಹೋಗಿ ಎಷ್ಟು ತಿಂಗಳಾಯಿತಪ್ಪ ಅಂತ ನಮ್ಮವರು ಕೇಳಿದರು, ದಿನಾ ಎರಡು ಮಾತು ಆಡಿಸಿದರು. ಕೊನೆಯ ದಿನ ಅವನಿಗೆ ಕೈಯಾರೆ ಸ್ವಲ್ಪ ದುಡ್ಡು ಕೊಟ್ಟೆವು. ಟಿಪ್ಸ್ ಅಂತ ಹಡಗಿನವರು ದಿನಕ್ಕೆ ತಲಾ ಇಷ್ಟು ಡಾಲರ್ ಅಂತ ಬಿಲ್ಲಿಗೇ ಸೇರಿಸುತ್ತಾರೆ, ಅದು ಬೇರೆ. ಮಗನಿಗೆ ಮೊದಲೇ ಗೊತ್ತಿರಲಿ.

ಮನೆಯಿಂದ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಒಯ್ದಿದ್ದೆ. ಬಫೆಯಲ್ಲಿ ಮೊಸರು ಸಿಗುತ್ತದೆ. ಮಧ್ಯಾಹ್ನ ಕಿಟಕಿ ಪಕ್ಕ ಕೂತು ಮೊಸರು, ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದೆವು. ಹೊರಗೆ ಹಿಮದ ಗುಡ್ಡ ಸಾಲಾಗಿ ಹೋಗುತ್ತಿದ್ದವು. ಕೆಟಲ್, ಕುಕ್ಕರ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಅವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಬಿಸಿನೀರು ಬಫೆಯಲ್ಲಿ ಯಾವಾಗಲೂ ಇರುತ್ತದೆ, ಅವಲಕ್ಕಿಗೆ ಅದೇ ಸಾಕು. ಹಡಗಿನ ಹಣ್ಣು ಹಿಡಿದುಕೊಂಡು ಊರೊಳಗೆ ಇಳಿಯುವ ಹಾಗಿಲ್ಲ.

ಮೊಣಕಾಲು ನೋವು ನಮ್ಮವರಿಗೂ ಇದೆ. ಹಡಗಿನ ತುಂಬ ಲಿಫ್ಟ್ ಇದೆ, ಆದರೆ ಉದ್ದ ಬಹಳ. ರೂಮು ಲಿಫ್ಟಿನ ಹತ್ತಿರ ಕೇಳಿ. ಹಡಗು ನಿಲ್ಲುವ ಜೂನೋ ಅನ್ನುವ ಊರಿನಲ್ಲಿ ಮೆಂಡೆನ್‌ಹಾಲ್ ಗ್ಲೇಸಿಯರ್‌ಗೆ ಬಸ್ಸು ಹೋಗುತ್ತದೆ, ಸುಮಾರು ಇಪ್ಪತ್ತು ಕಿಲೋಮೀಟರ್. ಅಲ್ಲಿ ಕೆರೆಯ ದಂಡೆಗೆ ಹೋಗಲು ಸಪಾಟಾದ ಗಟ್ಟಿ ದಾರಿ ಇದೆ, ನಮ್ಮವರು ಕೋಲು ಹಿಡಿದು ನಡೆದರು. ಜಲಪಾತದವರೆಗೆ ಹೋಗುವುದಾದರೆ ಇನ್ನೂ ಒಂದೂವರೆ ಕಿಲೋಮೀಟರ್, ನಾನೊಬ್ಬಳೇ ಹೋಗಿ ಬಂದೆ.

ನ್ಯೂಜೆರ್ಸಿಯಿಂದ:

ನಾವು ಬಾಲ್ಕನಿ ಇಲ್ಲದ, ಕಿಟಕಿಯೂ ಇಲ್ಲದ ಒಳಗಿನ ರೂಮಿನಲ್ಲೇ ಹೋಗಿದ್ದೆವು. ಏನೂ ಕಮ್ಮಿಯಾಗಲಿಲ್ಲ. ರೂಮಿನಲ್ಲಿ ಮಲಗುವುದು ಬಿಟ್ಟರೆ ಇನ್ನೇನು ಕೆಲಸ? ಉಳಿದ ದುಡ್ಡಿನಲ್ಲಿ ಜೂನೋದಲ್ಲಿ ಚಿಕ್ಕ ದೋಣಿಯಲ್ಲಿ ತಿಮಿಂಗಿಲ ನೋಡಲು ಹೋದೆವು. ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲದಲ್ಲಿ ಹವಾಯಿಗೆ ಹೋಗಿ ಮರಿ ಹಾಕುತ್ತವೆ, ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಇಲ್ಲಿಗೆ ಬರುತ್ತವೆ. ಮೊದಲು ನೀರಿನ ಮೇಲೆ ಉಸಿರಿನ ಆವಿ ಕಾಣುತ್ತದೆ, ಬೆನ್ನು ಬಾಗುತ್ತದೆ, ಕೊನೆಗೆ ಬಾಲ ಎದ್ದು ಮುಳುಗುತ್ತದೆ. ಬಾಲದ ಅಡಿಯ ಕಪ್ಪು ಬಿಳಿ ಗುರುತು ಒಂದೊಂದಕ್ಕೆ ಒಂದೊಂದು ಥರ. ಅದನ್ನು ನೋಡಿಯೇ ಯಾವ ತಿಮಿಂಗಿಲ ಅಂತ ಗುರುತು ಹಿಡಿಯುತ್ತಾರೆ. ಬುಕ್ ಮಾಡುವಾಗ ಒಂದು ಮಾತು: ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ. ಹೊರಗಿನವರದು ಅಗ್ಗ, ಆದರೆ ತಡವಾದರೆ ಕಾಯುವುದಿಲ್ಲ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಮುಂದಿನ ಊರಿಗೆ ವಿಮಾನವೋ ದೋಣಿಯೋ ಹಿಡಿಯಬೇಕು. ಫೋನಿನ ಗಡಿಯಾರ ನಂಬಬೇಡಿ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಹಡಗಿನ ಸಮಯ ಯಾವುದು ಅಂತ ಇಳಿಯುವಾಗ ಕೇಳಿಕೊಳ್ಳಿ.

ಬನಶಂಕರಿಯಿಂದ ಮತ್ತೆ:

ಬಾಲ್ಕನಿ ವಿಷಯದಲ್ಲಿ ನಾನು ಒಪ್ಪುವುದಿಲ್ಲ ಸರ್. ನಿಮ್ಮ ವಯಸ್ಸಿಗೆ ಬೇಡ ಇರಬಹುದು. ಕಾಲು ನೋವಿರುವವರು ಎಷ್ಟು ಸಲ ಡೆಕ್ಕಿಗೆ ಹತ್ತಿ ಇಳಿಯುತ್ತಾರೆ? ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಊಟ ಮುಗಿಸಿ ಕಂಬಳಿ ಹೊದ್ದು ಬಾಲ್ಕನಿಯಲ್ಲಿ ಇಬ್ಬರೇ ಕೂತು ದಡ ನೋಡಬಹುದು. ನಲವತ್ತನೇ ವರ್ಷಕ್ಕೆ ಅಂತ ಮಗ ಕೊಡುತ್ತಿದ್ದಾನೆ, ಅದಕ್ಕೆ ಖರ್ಚು ಮಾಡಲಿ. ಅಷ್ಟು ಬೆಳಕು ಇರುವುದರಿಂದ ಜೂನ್‌ನಲ್ಲಿ ಅರೋರಾ, ಅಂದರೆ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು, ಕಾಣುವುದಿಲ್ಲ, ಅದರ ಆಸೆ ಇದ್ದರೆ ಸೆಪ್ಟೆಂಬರ್ ನೋಡಬೇಕು. ಆದರೆ ಆಗ ಮಳೆ ಜಾಸ್ತಿ. ನಿಮಗೆ ಜೂನೇ ಸರಿ.

ಹಾಸನದಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ಓದಿ ಹೇಳಿದೆ, ಯಜಮಾನರು ಈಗಲೇ ಬೈನಾಕ್ಯುಲರ್ ವಿಚಾರಿಸುತ್ತಿದ್ದಾರೆ. ಕೆನಡಾ ವೀಸಾ ಅರ್ಜಿ ಈ ವಾರವೇ ಹಾಕುತ್ತೇವೆ. ಸ್ಕಾಗ್ವೇ ಅನ್ನುವ ಊರಿನಲ್ಲಿ ಒಂದು ಬೆಟ್ಟದ ರೈಲು ಇದೆಯಂತೆ. ಅವರಿಗೆ ರೈಲು ಅಂದರೆ ಪ್ರಾಣ. ಕಾಲಿಗೆ ತೊಂದರೆ ಆಗುತ್ತದಾ? ಯಾವ ಕಡೆ ಕೂರಬೇಕು?

ವ್ಯಾಂಕೋವರ್‌ನಿಂದ:

ಅಣ್ಣನಿಗೆ ಅದನ್ನು ತಪ್ಪಿಸಬೇಡಿ ಅಕ್ಕ. ವೈಟ್ ಪಾಸ್ ರೈಲು ಅಂತ. 1897ರಲ್ಲಿ ಕೆನಡಾದ ಕ್ಲಾಂಡೈಕ್ ಕಡೆಯ ಚಿನ್ನದ ಆಸೆಗೆ ಸಾವಿರಾರು ಜನ ಅದೇ ಕಣಿವೆಯಲ್ಲಿ ಹತ್ತಿದರು. ವರ್ಷಕ್ಕಾಗುವಷ್ಟು, ಸುಮಾರು ಒಂದು ಟನ್ ಸಾಮಾನು ಇಲ್ಲದಿದ್ದರೆ ಕೆನಡಾ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಹೊರೆ ಹೊತ್ತು ಸತ್ತ ಕುದುರೆಗಳೇ ಸಾವಿರಾರು. 1898ರಲ್ಲಿ ಶುರುಮಾಡಿ 1900ಕ್ಕೆ ಹಳಿ ಮುಗಿಸಿದರು. ಮೂರಡಿ ಅಗಲದ ಚಿಕ್ಕ ಹಳಿ, ಮೂವತ್ತೆರಡು ಕಿಲೋಮೀಟರಿನಲ್ಲಿ 870 ಮೀಟರ್ ಹತ್ತುತ್ತದೆ. ಸುರಂಗ, ಮರದ ಸೇತುವೆ, ಕೆಳಗೆ ಆಳದ ಕಮರಿ.

ಶಿಖರದವರೆಗೆ ಹೋಗಿ ಬರುವ ಗಾಡಿಯನ್ನೇ ಹಿಡಿಯಿರಿ. ಅದರಲ್ಲಿ ಎಲ್ಲೂ ಇಳಿಯುವುದಿಲ್ಲ, ಕೂತಲ್ಲೇ ನೋಡುವುದು. ಹೋಗುವಾಗ ಎಡಗಡೆ ಕಿಟಕಿಗೆ ಕಣಿವೆ ಚೆನ್ನಾಗಿ ಕಾಣುತ್ತದೆ. ಮೇಲೆ ಹೋದ ಮೇಲೆ ಸೀಟಿನ ಬೆನ್ನು ತಿರುಗಿಸಿ, ಆಚೆ ಈಚೆ ಜಾಗ ಬದಲಾಯಿಸಿ ಅನ್ನುತ್ತಾರೆ, ಹಾಗಾಗಿ ಎಲ್ಲರಿಗೂ ಸಿಗುತ್ತದೆ. ಬೋಗಿಗೆ ಮೆಟ್ಟಿಲಿದೆ. ಅದು ಕಷ್ಟ ಅನ್ನಿಸಿದರೆ ಗಾಲಿಕುರ್ಚಿ ಎತ್ತುವ ಲಿಫ್ಟ್ ಇರುವ ಬೋಗಿಯೂ ಇದೆ, ಟಿಕೆಟ್ ತೆಗೆಯುವಾಗಲೇ ಮಗನ ಕೈಲಿ ಹೇಳಿಸಿ.