ಕೊನೆಗೌಡರ ಮಾತು ಯಂತ್ರದ ಸದ್ದಿನಲ್ಲಿ ಮುಳುಗಿದೆ, ಉಳಿದಿರುವುದು ಒಂದೇ ಭಾನುವಾರ

ವರದಾತೀರ:

ನಮಸ್ಕಾರ. ನಾವು ನಾಲ್ವರು ಗೆಳೆಯರು, ಸಾಗರದ ಕಡೆಯವರು. ತಲಾ 4,000 ರೂಪಾಯಿ ಹಾಕಿ ಹನ್ನೆರಡು ನಿಮಿಷದ ಕಿರುಚಿತ್ರವೊಂದಕ್ಕೆ ಕೈ ಹಾಕಿದ್ದೇವೆ. ಒಬ್ಬನ ಮೊಬೈಲ್ ಚೆನ್ನಾಗಿದೆ, ಆದ್ದರಿಂದ ಅವನು ಛಾಯಾಗ್ರಾಹಕ. ಇನ್ನೊಬ್ಬ ಕಾಲೇಜಿನಲ್ಲಿ ಒಮ್ಮೆ ದುಶ್ಶಾಸನನ ವೇಷ ಹಾಕಿದ್ದ, ಆದ್ದರಿಂದ ನಾಯಕ. ಮೂರನೆಯವನಿಗೆ ಬೈಕ್ ಇದೆ. ಕಥೆ ಬರೆದವನು ನಾನು; ನಿರ್ದೇಶನ, ಚಹಾ ಸರಬರಾಜು, ನಾಯಿ ಓಡಿಸುವುದು ಎಲ್ಲವೂ ನನ್ನ ಪಾಲಿಗೆ ಬಂದಿವೆ.

ಕಥೆ ಸಣ್ಣದು. ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವವರೇ ಕೊನೆಗೌಡರು. ಊರಿನಲ್ಲಿ ಉಳಿದಿರುವ ಒಬ್ಬರೇ ಕೊನೆಗೌಡರು ಕೊಯ್ಲಿಗೆ ಬರುತ್ತಾರೆ. ಮನೆಯ ಮಗ ಹಿಂದಿನ ದಿನವಷ್ಟೇ ಫೈಬರ್ ದೋಟಿ, ಅಂದರೆ ತುದಿಯಲ್ಲಿ ಕತ್ತಿಯಿರುವ ಉದ್ದನೆಯ ಕೋಲು, ಕೊಂಡು ತಂದಿದ್ದಾನೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಇನ್ನು ಮರ ಹತ್ತುವವರು ಬೇಡ. ದೋಟಿ ಜಗಲಿಯ ಗೋಡೆಗೆ ಒರಗಿದೆ. ಅವರು ಅದನ್ನು ನೋಡುತ್ತಾರೆ, ಅವರು ನೋಡಿದ್ದನ್ನು ಇವನು ನೋಡುತ್ತಾನೆ, ಯಾರೂ ಮಾತೆತ್ತುವುದಿಲ್ಲ. ಮೊದಲು ಬರೆದದ್ದು ಹೀಗೆ. ಚಿತ್ರೀಕರಣದ ಹೊತ್ತಿಗೆ ಧೈರ್ಯ ಸಾಲದೆ ಮೂರು ಪುಟ ಸಂಭಾಷಣೆ ಸೇರಿಸಿದೆ.

ಕೊನೆಗೌಡರ ಪಾತ್ರ ಮಾಡಿದವರು ಇಪ್ಪತ್ತು ವರ್ಷಗಳಿಂದ ನಮ್ಮ ತೋಟದ ಕೊಯ್ಲು ಮಾಡುತ್ತಿರುವವರೇ. ಅರವತ್ತೆರಡು ವರ್ಷ. ಬರೆದುಕೊಟ್ಟ ಮಾತು ಅವರಿಗೆ ಒಗ್ಗುವುದಿಲ್ಲ. ‘ಈ ಸಲ ಫಸಲು ಹೇಗಿದೆ ಒಡೆಯರೇ’ ಎಂದು ಬರೆದಿದ್ದೆ. ಮೊದಲ ಟೇಕಿನಲ್ಲಿ ಶಾಲೆಯ ಮಕ್ಕಳಂತೆ ಒಪ್ಪಿಸಿದರು. ಎರಡನೆಯದರಲ್ಲಿ ‘ಮರ ನೋಡಿದರೆ ಗೊತ್ತಾಗುತ್ತದಲ್ಲ, ಅದನ್ನು ಕೇಳುವುದೇನು’ ಎಂದು ನನ್ನ ಕಡೆಗೇ ತಿರುಗಿದರು. ಎರಡನೆಯದೇ ಚೆನ್ನಾಗಿತ್ತು. ಆದರೆ ಛಾಯಾಗ್ರಾಹಕನಿಗೆ ನಗು ಬಂದು ಚಿತ್ರವೆಲ್ಲ ಅಲುಗಿದೆ.

ಮೂರು ಭಾನುವಾರದಲ್ಲಿ ಚಿತ್ರೀಕರಣ ಮುಗಿಯಿತು. ಊಟ ತಿಂಡಿಗೆ 5,400, ಕೊನೆಗೌಡರ ಮೂರು ದಿನದ ಕೂಲಿ 4,500 (ಬಿಟ್ಟಿ ದುಡಿಮೆ ಏನಿದ್ದರೂ ಗೆಳೆಯರೊಳಗೆ ಮಾತ್ರ), ಪೆಟ್ರೋಲಿಗೆ 2,300, ಮೆಮೊರಿ ಕಾರ್ಡಿಗೆ 1,150, ಕಾಲರ್ ಮೈಕಿಗೆ 650. ಕೈಯಲ್ಲಿ ಉಳಿದದ್ದು 2,000. ಮೈಕಿನ ಖರ್ಚು ಎಲ್ಲಕ್ಕಿಂತ ಕಡಿಮೆ ಎಂಬುದು ಬೀಗುವ ವಿಷಯ ಎಂದುಕೊಂಡಿದ್ದೆ.

ಸಂಕಲನಕ್ಕೆ ಕುಳಿತಾಗ ಒಂದೊಂದೇ ಹೊರಗೆ ಬಂತು. ಅಂಗಳದ ದೃಶ್ಯದುದ್ದಕ್ಕೂ ಪಕ್ಕದ ಮನೆಯ ಅಡಿಕೆ ಸುಲಿಯುವ ಯಂತ್ರ ಓಡುತ್ತಲೇ ಇದೆ. ಅಂದು ನಮಗದು ಕೇಳಿಸಲೇ ಇಲ್ಲ. ಡಿಸೆಂಬರಿನಲ್ಲಿ ನಮ್ಮೂರಿನವರ ಕಿವಿಗೆ ಆ ಸದ್ದು ಇದ್ದರೂ ಇಲ್ಲದಂತೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಕೊನೆಗೌಡರು ಬಾಯಿ ಆಡಿಸುತ್ತಾರೆ, ಯಂತ್ರ ಮಾತಾಡುತ್ತದೆ. ಜಗಲಿಯ ಮಾತುಕತೆಯನ್ನು ಎರಡನೇ ಮೊಬೈಲಿನಲ್ಲಿ ಬೇರೆಯಾಗಿ ಧ್ವನಿಮುದ್ರಿಸಿದ್ದೆವು. ಗುರುತಿಗೆಂದು ಶುರುವಿನಲ್ಲಿ ತಟ್ಟಿದ ಚಪ್ಪಾಳೆಗೆ ಹೊಂದಿಸಿದರೆ ಸರಿಯಾಗಿ ಕೂರುತ್ತದೆ, ನಾಲ್ಕನೇ ನಿಮಿಷಕ್ಕೆ ಬಂದಾಗ ತುಟಿ ಮುಚ್ಚಿದ ಮೇಲೆ ಮಾತು ಬರುತ್ತದೆ. ಒಳಮನೆಯ ಟ್ಯೂಬ್‌ಲೈಟಿನಲ್ಲಿ ತೆಗೆದದ್ದರ ಮೇಲೆ ಕಪ್ಪು ಪಟ್ಟೆಗಳು ತೇಲುತ್ತಿವೆ. ಇಷ್ಟು ಸಾಲದೆಂಬಂತೆ ಕಳೆದ ವಾರ ನಾಯಕನಿಗೆ ನಿಶ್ಚಿತಾರ್ಥವಾಯಿತು, ಮೀಸೆ ಹೋಯಿತು. ಛಾಯಾಗ್ರಾಹಕ ಜನವರಿಯಲ್ಲಿ ಬೆಂಗಳೂರಿನ ಕೆಲಸಕ್ಕೆ ಸೇರುತ್ತಾನೆ. ನಾಲ್ವರೂ ಒಟ್ಟಿಗೆ ಸಿಗುವುದು ಇನ್ನೊಂದೇ ಭಾನುವಾರ.

ಮತ್ತೆ ಚಿತ್ರೀಕರಿಸುವುದೋ, ಡಬ್ಬಿಂಗ್ ಮಾಡಿಸುವುದೋ, ಇದ್ದದ್ದರಲ್ಲೇ ಉಳಿಸಿಕೊಳ್ಳುವುದೋ? ಒಂದು ಸ್ಟುಡಿಯೋದಲ್ಲಿ ವಿಚಾರಿಸಿದೆವು. ಅವರು ಹೇಳಿದ ದರ ಕೇಳಿ ಕೊಟ್ಟ ಕಾಫಿ ಕುಡಿದು ಎದ್ದುಬಂದೆವು.

ಮೈಸೂರು ಮೈಕ್:

ಮದುವೆ ವಿಡಿಯೊ ಮಾಡಿ ಬದುಕುವವನು ನಾನು. ಜನರೇಟರ್ ಪಕ್ಕದಲ್ಲಿ ನಿಂತು ಮಂತ್ರ ಧ್ವನಿಮುದ್ರಿಸಿ ಕಿವಿ ಪಳಗಿದೆ.

ಮಾತು ಜಾರುವುದಕ್ಕೆ ಮದ್ದಿದೆ. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ಎಂದು ತೋರಿಸಿದರೂ ಬೆಳಕು ಕಡಿಮೆಯಾದಾಗಲೆಲ್ಲ ಆ ವೇಗವನ್ನು ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತದೆ. ಸಂಕಲನದ ತಂತ್ರಾಂಶ ಮಾತ್ರ ಎಲ್ಲವೂ ಸಮ ಅಂತರದಲ್ಲಿವೆ ಎಂದು ನಂಬಿ ಕೂತಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಪ್ರತಿ ಕ್ಲಿಪ್ಪನ್ನೂ ಮತ್ತೊಮ್ಮೆ ಪರಿವರ್ತಿಸಿಕೊಳ್ಳಿ, ಆಮೇಲೆ ಹೊಂದಿಸಿ. ಆಗಲೂ ಕೂದಲೆಳೆಯಷ್ಟು ಜಾರಿದರೆ ಮಾತಿನ ನಡುವೆ ಬರುವ ಮೌನದಲ್ಲಿ ಕತ್ತರಿಸಿ ಒಂದೊಂದೇ ತುಂಡನ್ನು ಸರಿಸಿ. ಇನ್ನು ಮುಂದೆ ಟೇಕಿನ ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ.

ಪಟ್ಟೆ ಹೋಗುವುದು ಕಷ್ಟ. ನಮ್ಮ ಕರೆಂಟ್ 50 ಹರ್ಟ್ಸಿನದು, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ 1/50 ಅಥವಾ 1/100ರಲ್ಲಿ ನಿಂತಿದ್ದರೆ ಪಟ್ಟೆ ಕಾಣುತ್ತಿರಲಿಲ್ಲ. ಮೊಬೈಲ್ ತಾನಾಗಿ ಇನ್ನೇನನ್ನೋ ಆರಿಸಿಕೊಂಡಿದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪಿನಲ್ಲಿ ಶಟರನ್ನು ಕಟ್ಟಿಹಾಕಬಹುದು, ನಿಮ್ಮ ಮೊಬೈಲ್ ಒಪ್ಪಿದರೆ. ಆ ದೃಶ್ಯ ಬೇಕೇ ಬೇಕು ಎನ್ನುವುದಾದರೆ ಹಗಲಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನೆರಳು ಬಿದ್ದ ಕೆನ್ನೆಯ ಕಡೆಯಿಂದ ಥರ್ಮಾಕೋಲ್ ಹಲಗೆ ಹಿಡಿದು ತೆಗೆಯಿರಿ. ದೀಪವೇ ಬೇಡ.

ಇನ್ನು ಯಂತ್ರ. ಸದ್ದು ತೆಗೆಯುವ ತಂತ್ರಾಂಶ ಬಳಸಿದರೆ ಕೊನೆಗೌಡರು ಹಿಟ್ಟಿನ ಡಬ್ಬದೊಳಗಿಂದ ಮಾತಾಡಿದಂತೆ ಕೇಳುತ್ತದೆ, ಸುಮ್ಮನೆ ಹೊತ್ತು ಕಳೆಯಬೇಡಿ. ಡಬ್ಬಿಂಗ್ ಕೂಡ ಬೇಡ. ತನ್ನದೇ ತುಟಿ ನೋಡಿಕೊಂಡು ಅದೇ ಮಾತನ್ನು ಅದೇ ವೇಗದಲ್ಲಿ ಹೇಳುವುದು ಕಸುಬಿನ ನಟರಿಗೇ ಬೆವರಿಳಿಸುತ್ತದೆ. ಅವರ ಬಾಯಿ ಕಾಣದ ಚೂರುಗಳು ಎಷ್ಟಿವೆ ಎಂದು ಎಣಿಸಿ: ಬೆನ್ನು, ಕೈ, ದೂರದ ನೋಟ. ಮಾತನ್ನು ಬೇರೆ ಕಡೆ ಧ್ವನಿಮುದ್ರಿಸಿ ಅವುಗಳ ಮೇಲೆ ಇಡಿ. ಮೈಕ್ ಬಾಯಿಯಿಂದ ಒಂದು ಗೇಣಿನೊಳಗಿರಲಿ, ಕೋಣೆಯ ಗೋಡೆಗಳಿಗೆ ಕಂಬಳಿ ನೇತುಹಾಕಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಆ ಜಾಗದ ಸದ್ದನ್ನು, ಮಾತಿನ ಕೆಳಗೆ ಹಾಸಲು, ಹಿಡಿಯಿರಿ. ಮತ್ತೊಂದು, ಆ ಯಂತ್ರವನ್ನು ಒಮ್ಮೆ ತೋರಿಸಿಬಿಡಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಣ್ಣಿಗೆ ಗೊತ್ತಾದರೆ ಕಿವಿ ಅದನ್ನು ಸಹಿಸಿಕೊಳ್ಳುತ್ತದೆ.

ಚೌಕಟ್ಟು:

ಎಲ್ಲವನ್ನೂ ಮತ್ತೆ ತೆಗೆಯಿರಿ. ಹಾಳಾದದ್ದನ್ನು ತೇಪೆ ಹಾಕಿದ ಚಿತ್ರ ತೇಪೆಯ ಹಾಗೆಯೇ ಕಾಣುತ್ತದೆ. ಅಂದ ಹಾಗೆ, ಇಂಥ ಚಿತ್ರಗಳಲ್ಲಿ ಜಗಲಿಯ ರೇಡಿಯೊದಲ್ಲಿ ಹಳೆಯ ಸಿನಿಮಾ ಹಾಡೊಂದು ಬರುತ್ತಿರುತ್ತದೆ. ನಿಮ್ಮದರಲ್ಲೂ ಇದ್ದರೆ ಈಗಲೇ ತೆಗೆದುಬಿಡಿ. ಧ್ವನಿಮುದ್ರಿಕೆಗೆ ಪ್ರಕಟವಾದ ಮೇಲೆ 60 ವರ್ಷ, ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ.

ವರದಾತೀರ:

ಹಾಡು ಇತ್ತು. ತೆಗೆದೆ. ನಿಮಗೆ ಹೇಗೆ ಗೊತ್ತಾಯಿತೋ! ಪೂರ್ತಿ ಮತ್ತೆ ತೆಗೆಯಲು ನಾಯಕನ ಮೀಸೆ ಒಪ್ಪುವುದಿಲ್ಲ ಸರ್.

ತೋಟದಮನೆ ಶಿರಸಿ:

ಎಲ್ಲರೂ ಮೈಕಿನ ಬಗ್ಗೆ ಹೇಳಿದಿರಿ. ನನ್ನದೊಂದು ಪ್ರಶ್ನೆ. ಆ ಹಿರಿಯರನ್ನು ಮರಕ್ಕೆ ಎಷ್ಟು ಸಲ ಹತ್ತಿಸಿದಿರಿ?

ಕೇಳಲು ಕಾರಣವಿದೆ. ಕೊಯ್ಲಿನಲ್ಲಿ ಕೊನೆಗೌಡರು ಒಮ್ಮೆ ಮೇಲೆ ಹೋದರೆ ಒಂದು ಮರದಿಂದ ಇನ್ನೊಂದಕ್ಕೆ ವಾಲಿ ದಾಟುತ್ತಾ ಹೋಗುತ್ತಾರೆ. ಒಂದೇ ಮರವನ್ನು ಹತ್ತಿ ಇಳಿದು, ‘ಇನ್ನೊಂದು ಟೇಕ್’ ಎಂದಾಗ ಮತ್ತೆ ಹತ್ತುವುದು ಅವರ ಕೆಲಸದ ಕ್ರಮವೇ ಅಲ್ಲ. ಕೂಲಿ ಕೊಟ್ಟಿದ್ದೀರಿ, ಸಂತೋಷ. ಆದರೆ ಮೊಣಕಾಲು ಅವರದು. ನಿಜವಾದ ಕೊಯ್ಲಿನ ದಿನ ಎರಡು ಮೊಬೈಲ್ ಹಿಡಿದು ಸುಮ್ಮನೆ ಪಕ್ಕಕ್ಕೆ ನಿಂತಿದ್ದರೆ ಒಂದೇ ಸಲಕ್ಕೆ ಎಲ್ಲ ಸಿಗುತ್ತಿತ್ತು.

ನಿಮಗೆ ಮಾತು ಬೇಕು ತಾನೇ? ಅಂಗಳದಲ್ಲಿ ನಿಲ್ಲಿಸಿ ‘ಹೇಳಿ’ ಎಂದರೆ ಯಾರಿಗೆ ಮಾತು ಬರುತ್ತದೆ? ನಮ್ಮಲ್ಲಿಗೆ ಬರುತ್ತಿದ್ದವರು ಕೆಳಗೆ ಇದ್ದಾಗ ಮೂರು ಶಬ್ದ ಆಡಿದರೆ ಹೆಚ್ಚು. ಮೇಲೆ ಹೋದ ಮೇಲೆ, ಕೊನೆ ಜಾರಿಸಿ ಇಳಿಸುವ ಹಗ್ಗವನ್ನು ಕೆಳಗೆ ಹಿಡಿದವನಿಗೆ ಬೈಗುಳ, ಗಾಳಿಗೆ ಬೈಗುಳ, ಪಕ್ಕದ ತೋಟದ ಸುದ್ದಿ, ಎಲ್ಲವೂ ಬರುತ್ತಿತ್ತು. ಅವರನ್ನೇ ಕೇಳಿ, ಒಪ್ಪಿದರೆ ಮಾತ್ರ, ಆ ಕಾಲರ್ ಮೈಕನ್ನು ಹಳೆಯ ಮೊಬೈಲಿಗೆ ಸಿಕ್ಕಿಸಿ ಅಂಗಿಯ ಒಳಗೆ ಇಟ್ಟು ಕಳಿಸಿ. ತಂತಿ ಎಲ್ಲೂ ಹೊರಗೆ ಜೋಲಬಾರದು. ಅಷ್ಟು ಎತ್ತರದಲ್ಲಿ ಯಂತ್ರದ ಸದ್ದೂ ಅಷ್ಟಾಗಿ ಕಾಡುವುದಿಲ್ಲ.

ಮೀಸೆಯ ಚಿಂತೆ ಬಿಡಿ. ನಮ್ಮ ಮನೆಗೆ ದೋಟಿ ಬಂದು ಎರಡು ವರ್ಷವಾಯಿತು. ಅದನ್ನು ಹಿಡಿದವನ ಮುಖ ಯಾರಿಗೂ ಕಾಣುವುದಿಲ್ಲ. ಕತ್ತು ಹಿಂದಕ್ಕೆ ಬಾಗಿ ಗಲ್ಲ ಆಕಾಶದ ಕಡೆಗಿರುತ್ತದೆ. ಪೂರ್ತಿ ಉದ್ದಕ್ಕೆ ಎಳೆದಾಗ ತುದಿ ಓಲಾಡಿ ಹೊಸಬನ ಕತ್ತಿ ಕೊನೆಗೆ ತಾಗುವುದೇ ಇಲ್ಲ. ಹುಡುಗನ ಬೆನ್ನ ಹಿಂದೆ ಕ್ಯಾಮೆರಾ ಇಡಿ, ಅವನು ಒದ್ದಾಡಲಿ. ನಟಿಸಬೇಕಾಗಿಯೇ ಇಲ್ಲ.

ವರದಾತೀರ:

ಅಕ್ಕ, ಐದು ಸಲ ಹತ್ತಿಸಿದ್ದೆವು. ನಿಮ್ಮ ಮಾತು ಓದಿ ಎರಡು ದಿನ ಉತ್ತರ ಬರೆಯಲು ಮುಖವಿರಲಿಲ್ಲ. ಅವರನ್ನು ಕೇಳಿದರೆ ‘ನಿಮಗೆ ಅರ್ಥವಾಗುವವರೆಗೆ ಹತ್ತಿದೆ’ ಎಂದರು.

ಭಾನುವಾರ ನಮ್ಮ ತೋಟದ ಎರಡನೇ ಕೊಯ್ಲಿತ್ತು. ನಾವು ಕೆಲಸದವರಂತೆ ಬೆಳಗ್ಗೆ ಏಳಕ್ಕೇ ಹೋದೆವು. ಮೊಬೈಲ್ ಒಯ್ಯಲು ಒಪ್ಪಿದರು, ಆದರೆ ಅಂಗಿಯೊಳಗೆ ಬೇಡ ಎಂದು ಸೊಂಟದ ಚೀಲದಲ್ಲಿ ತಾವೇ ಭದ್ರ ಮಾಡಿಕೊಂಡರು. ಬೈಕಿನವನು ಹಗ್ಗ ಹಿಡಿದ. ‘ಇನ್ನೊಂದು ಸಲ’ ಎಂದು ಯಾರೂ ಅನ್ನಲಿಲ್ಲ. ಅನ್ನಬಾರದು ಎಂದು ಬೈಕಿನ ಕೀಲಿ ಮುಟ್ಟಿ ಆಣೆ ಮಾಡಿಸಿದ್ದೆ.

ಧ್ವನಿ 48 ನಿಮಿಷ ಸಿಕ್ಕಿದೆ. ಹೆಚ್ಚಿನದು ಉಸಿರು, ಎಲೆ, ಅಡಿಕೆ ಹಾಳೆ ಸವರುವ ಸದ್ದು. ಬೈಗುಳ ನೀವು ಹೇಳಿದಷ್ಟೇ ಇದೆ, ಎಲ್ಲವೂ ಬೈಕಿನವನಿಗೆ. ಮೂವತ್ತನೇ ನಿಮಿಷದ ಹತ್ತಿರ, ಒಂದು ಮರದಿಂದ ಇನ್ನೊಂದಕ್ಕೆ ದಾಟಿದ ಮೇಲೆ, ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ‘ಆ ಕೋಲು ಎಷ್ಟು ಭಾರ ಇದೆಯೋ?’ ಎಂದು ಕೇಳುತ್ತಾರೆ. ಕೆಳಗಿನಿಂದ ಬೈಕಿನವನು ‘ಗೊತ್ತಿಲ್ಲ’ ಎನ್ನುತ್ತಾನೆ. ಮತ್ತೆ ಕೊನೆ ಜಾರಿ ಬರುವ ಸದ್ದು. ನನ್ನ ಮೂರು ಪುಟವನ್ನು ಅಳಿಸಿ ಹಾಕಿದ್ದೇನೆ. ದೋಟಿಯ ಬಗ್ಗೆ ಚಿತ್ರದಲ್ಲಿ ಉಳಿದಿರುವುದು ಈ ಒಂದು ಪ್ರಶ್ನೆ.

ಮೈಸೂರು ಅಣ್ಣ, ಹ್ಯಾಂಡ್‌ಬ್ರೇಕ್ ಕೆಲಸ ಮಾಡಿತು, ಜಗಲಿಯ ಎರಡು ಮಾತು ಉಳಿದವು. ಸುಲಿಯುವ ಯಂತ್ರವನ್ನು ಆರಂಭದಲ್ಲೇ ಆರು ಸೆಕೆಂಡು ತೋರಿಸಿದ್ದೇವೆ. ಪಟ್ಟೆಯ ದೃಶ್ಯ ಕಸದ ಬುಟ್ಟಿಗೆ ಹೋಯಿತು, ಈಗ ಚಿತ್ರ ಒಂಬತ್ತು ನಿಮಿಷ. ಉಳಿದ 2,000ದಲ್ಲಿ ಕೊನೆಗೌಡರಿಗೆ ಒಂದು ದಿನದ ಕೂಲಿ ಕೊಟ್ಟೆವು, ಐನೂರು ಊಟಕ್ಕೆ.

ನಾಯಕ ಬೆನ್ನು ತೋರಿಸಿ ಮುಕ್ಕಾಲು ಗಂಟೆ ದೋಟಿ ಹಿಡಿದ. ಒಂದು ಕೊನೆಯೂ ಬೀಳಲಿಲ್ಲ. ಈಗ ಕುತ್ತಿಗೆ ಹಿಡಿದಿದೆ. ನಿನ್ನೆ ಹುಡುಗಿಯ ಮನೆಯವರು ಬಂದಾಗ ಯಾರ ಕಡೆಗೂ ತಿರುಗದೆ ಗೋಡೆ ನೋಡಿಕೊಂಡೇ ಕುಳಿತಿದ್ದನಂತೆ. ತುಂಬ ಸಂಕೋಚದ ಹುಡುಗ ಎಂದು ಹೊಗಳಿ ಹೋಗಿದ್ದಾರೆ.